ಟೈರ್ ತಿಂದದ್ದು ಕ್ಯಾಂಬರ್ ಅಲ್ಲ, ಟೋ: ಇಳಿಸಿದ ಬಾಕ್ಸ್‌ಟರ್‌ನ ಹಿಂದಿನ ಅಲೈನ್‌ಮೆಂಟ್ ಮನೆಯಲ್ಲೇ ಮಾಡಿದ್ದು

ನನ್ನದು 2008ರ ಪೋರ್ಷೆ ಬಾಕ್ಸ್‌ಟರ್, 987 ಅನ್ನೋ ಮಾಡೆಲ್. ಹೋದ ವರ್ಷ ಸ್ಪ್ರಿಂಗ್ ಬದಲಿಸಿ 30 ಮಿ.ಮೀ. ಇಳಿಸಿದೆ. ಮಳೆಗಾಲ ಮುಗಿಯೋ ಹೊತ್ತಿಗೆ ಹಿಂದಿನ ಎರಡೂ ಟೈರ್‌ಗಳ ಒಳಅಂಚಿನಲ್ಲಿ ತಂತಿ ಕಾಣ್ತಿತ್ತು. ಹೊರಗಿನಿಂದ ನೋಡಿದರೆ ಟೈರ್ ಹೊಸದರಂತಿದೆ! 265/40 ಆರ್18 ಟೈರು, ಜೋಡಿಗೆ ಎಷ್ಟಾಗುತ್ತೆ ಅಂತ ಗೊತ್ತಿದ್ದವರಿಗೆ ನನ್ನ ಹೊಟ್ಟೆ ಉರಿದದ್ದು ಅರ್ಥವಾಗುತ್ತೆ.

ಕಾರವಾರದಲ್ಲಿ ಒಂದು ಅಲೈನ್‌ಮೆಂಟ್ ಅಂಗಡಿಗೆ, ಅಂದರೆ ಚಕ್ರಗಳ ಕೋನ ಸರಿಪಡಿಸೋ ಕಡೆಗೆ, ಹೋದೆ. ಆ ಕೋನಗಳಲ್ಲಿ ಎರಡು ಇಲ್ಲಿ ಮುಖ್ಯ: ಮುಂದಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋದು ಕ್ಯಾಂಬರ್ (ಒಳಕ್ಕಾದರೆ ಮೈನಸ್), ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು ಟೋ. ಹಿಂದಿನದು ಅಡ್ಜಸ್ಟ್ ಆಗಲ್ಲ ಅಂದರು. ಅವರ ಹತ್ತಿರ ದಿನಾ ಬರೋ ಸಣ್ಣ ಕಾರುಗಳಲ್ಲಿ ಹಿಂದೆ ಒಂದೇ ಅಡ್ಡ ಬೀಮ್ ಇರುತ್ತೆ, ಅದರಲ್ಲಿ ನಿಜಕ್ಕೂ ತಿರುಗಿಸೋಕೆ ಏನೂ ಇಲ್ಲ. ಇದರಲ್ಲಿ ಹಾಗಲ್ಲ. ಪ್ರತಿ ಹಿಂದಿನ ಚಕ್ರಕ್ಕೂ ಕೆಳಗಿನ ಆರ್ಮ್‌ನ (ಚಕ್ರವನ್ನು ಕಾರಿಗೆ ಜೋಡಿಸೋ ಲೋಹದ ತೋಳು) ಒಳತುದಿಯಲ್ಲಿ ಕ್ಯಾಂಬರ್‌ಗೆ ಒಂದು, ಟೋ ಲಿಂಕ್ ಅನ್ನೋ ಇನ್ನೊಂದು ತೆಳು ತೋಳಿನ ಒಳತುದಿಯಲ್ಲಿ ಟೋಗೆ ಒಂದು ಕ್ಯಾಮ್ ಬೋಲ್ಟ್ (ನಡು ತಪ್ಪಿದ ತಟ್ಟೆ ಇರೋ ಬೋಲ್ಟ್) ಇದೆ. ತಿರುಗಿಸಿದರೆ ಆರ್ಮ್ ಕೆಲವು ಮಿಲಿಮೀಟರ್ ಒಳಗೆ ಹೊರಗೆ ಸರಿಯುತ್ತೆ.

ಮೊದಲ ಕೆಲಸ ನೆಲ. ನಮ್ಮ ಶೆಡ್ಡಿನ ನೆಲಕ್ಕೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿದ್ದಾರೆ. ಮೇಸ್ತ್ರಿಗಳು ಇಟ್ಕೊಳ್ಳೋ ನೀರಿನ ಲೆವೆಲ್ ಪೈಪ್ ತಂದು ನಾಲ್ಕು ಚಕ್ರದ ಜಾಗ ನೋಡಿದರೆ ಎಡ ಬಲಕ್ಕೆ 9 ಮಿ.ಮೀ. ವ್ಯತ್ಯಾಸ. ಪ್ಲೈವುಡ್ ತುಂಡು ಕೊಟ್ಟು ಸರಿ ಮಾಡಿದೆ. ಹಿಂದಿನ ಚಕ್ರದ ಕೆಳಗೆ ಎರಡೆರಡು ನಯವಾದ ಟೈಲ್ಸ್, ಮುಖಕ್ಕೆ ಮುಖ, ನಡುವೆ ಗ್ರೀಸ್. ಇದಿಲ್ಲದಿದ್ದರೆ ಟೈರ್ ನೆಲ ಕಚ್ಚಿಕೊಂಡು ಕೂರುತ್ತೆ, ಬೋಲ್ಟ್ ತಿರುಗಿಸಿದರೂ ಅಳತೆ ಸುಳ್ಳು ಹೇಳುತ್ತೆ.

ದಾರಕ್ಕೆ ಬೈತಖೋಲ ಬಂದರಿನ ಕಡೆಯಿಂದ ಗಾಳದ ನೈಲಾನ್ ದಾರ ತಂದೆ. ಜೋಲು ಬೀಳಲ್ಲ. ಕಾರಿನ ಎರಡೂ ಬದಿಗೆ ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಕಟ್ಟಿದೆ. ಮುಂದಿನ ಎರಡು ಹಬ್ಬುಗಳಿಂದ ದಾರ ಒಂದೇ ದೂರ ಇರಬೇಕು, ಹಿಂದಿನ ಎರಡರಿಂದಲೂ ಹಾಗೇ, ಜೊತೆಗೆ ದಾರಗಳ ನಡುವಿನ ಅಂತರ ಮುಂದೆ ಹಿಂದೆ ಒಂದೇ ಇರಬೇಕು, ಮತ್ತೆ ಇದಕ್ಕೇ ನನಗೆ ಒಂದೂವರೆ ಗಂಟೆ ಹಿಡಿಯಿತು. ಇಲ್ಲಿ ಅವಸರ ಮಾಡಬೇಡಿ. ದಾರ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು.

ಆಮೇಲೆ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು, ಎರಡರಿಂದಲೂ ದಾರಕ್ಕೆ ಅಳತೆ. ಮುಂದಿನದು ಜಾಸ್ತಿ ಇದ್ದರೆ ಟೋ ಇನ್, ಅಂದರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿದೆ; ಕಡಿಮೆ ಇದ್ದರೆ ಟೋ ಔಟ್. ರಿಮ್ ಸೊಟ್ಟ ಇರಬಹುದು, ಅದಕ್ಕೆ ಕಾರನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆದು ಸರಾಸರಿ ತೆಗೆದೆ. ಎಡಕ್ಕೆ 6.5 ಮಿ.ಮೀ. ಟೋ ಇನ್, ಬಲಕ್ಕೆ 1. ಹೈವೇಲಿ ನೇರ ಹೋಗುವಾಗ ಸ್ಟಿಯರಿಂಗ್ ಬಲಕ್ಕೆ ವಾಲಿರ್ತಿತ್ತು, ಅದರ ಕಾರಣ ಆಗ ಹೊಳೆಯಿತು. ಹಿಂದಿನ ಚಕ್ರಗಳು ಒಟ್ಟಾಗಿ ಬಲಕ್ಕೆ ಮುಖ ಮಾಡಿದ್ದವು. ಕ್ಯಾಂಬರ್ ಡಿಜಿಟಲ್ ಆಂಗಲ್ ಗೇಜ್‌ನಲ್ಲಿ ಎಡ ಮೈನಸ್ 2.3 ಡಿಗ್ರಿ, ಬಲ ಮೈನಸ್ 2.2. ಈ ಕಾರಿಗೆ ಅದೇನು ಟೈರ್ ಕೊಲ್ಲೋವಷ್ಟು ಅಲ್ಲ. ಇಳಿಸಿದ ಕಾರಲ್ಲಿ ಎಲ್ಲರೂ ಕ್ಯಾಂಬರ್ ಬಯ್ತಾರೆ, ಆದರೆ ಕ್ಯಾಂಬರ್ ಬರೀ ಭಾರವನ್ನು ಒಳಅಂಚಿಗೆ ತಳ್ಳುತ್ತೆ. ಆ ಅಂಚನ್ನು ರಸ್ತೆ ಮೇಲೆ ಅಡ್ಡಡ್ಡ ಉಜ್ಜೋದು ಟೋ.

ಬೋಲ್ಟ್ ಬಿಚ್ಚೋದು ನಿಜವಾದ ಕಷ್ಟ. ಕಡಲ ಗಾಳಿಗೆ ಬಲಗಡೆಯ ಕ್ಯಾಂಬರ್ ಬೋಲ್ಟ್ ಬುಶ್ಶಿನ (ಆರ್ಮ್ ತುದಿಯ ರಬ್ಬರ್ ಜೋಡಣೆ) ಒಳಗೇ ತುಕ್ಕು ಹಿಡಿದು ಕೂತಿತ್ತು. ಮೂರು ದಿನ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸೋ ಎಣ್ಣೆ ಹೊಡೆದೆ. ತಮ್ಮ "ಅಣ್ಣಾ, ಇನ್ನೂ ಸ್ವಲ್ಪ ಉದ್ದ ಪೈಪ್ ಹಾಕಿ ಎಳೆಯೋಣ" ಅಂತಿದ್ದ, ನಾನು ಬಿಡಲಿಲ್ಲ. ಆ ಬೋಲ್ಟ್ ಮುರಿದರೆ ಆರ್ಮನ್ನೇ ಕತ್ತರಿಸಿ ತೆಗೆಯಬೇಕು. ನಾಲ್ಕನೇ ದಿನ ತಾನಾಗೇ ಬಂತು. ಬಿಚ್ಚೋ ಮೊದಲು ಕ್ಯಾಮ್ ಎಲ್ಲಿತ್ತು ಅಂತ ಬಿಳಿ ಪೇಂಟಲ್ಲಿ ಗುರುತು ಹಾಕಿ, ಮರೀಬೇಡಿ.

ಮೊದಲು ಕ್ಯಾಂಬರ್, ಆಮೇಲೆ ಟೋ. ಕ್ಯಾಂಬರ್ ಸರಿಸಿದರೆ ಟೋ ಕೂಡ ಬದಲಾಗುತ್ತೆ. ಓಡಿಸುವಾಗ ಇರೋ ಭಾರವೇ ಇರಲಿ ಅಂತ ತಮ್ಮನನ್ನು ಡ್ರೈವರ್ ಸೀಟಲ್ಲಿ ಕೂರಿಸಿದೆ. ಎರಡೂ ಕಡೆ ಮೈನಸ್ 1.8ಕ್ಕೆ ತಂದೆ, ನಂತರ ಟೋ ಎರಡೂ ಕಡೆ 1.5 ಮಿ.ಮೀ. ಒಳಕ್ಕೆ. 18 ಇಂಚಿನ ರಿಮ್‌ನಲ್ಲಿ ಅದು ಹತ್ತು ನಿಮಿಷ ಕೋನಕ್ಕಿಂತ (ಒಂದು ಡಿಗ್ರಿಗೆ 60 ನಿಮಿಷ) ಸ್ವಲ್ಪ ಜಾಸ್ತಿ. ಪೂರ್ತಿ ಸೊನ್ನೆ ಮಾಡಬೇಡಿ. ಹಿಂದೆ ಟೋ ಔಟ್ ಆಗಿಬಿಟ್ಟರೆ ಬ್ರೇಕ್ ಹಾಕುವಾಗ ಕಾರು ಬಾಲ ಅಲ್ಲಾಡಿಸುತ್ತೆ, ಎಂಜಿನ್ ಸೀಟಿನ ಹಿಂದೆ ಇರೋ ಇಂಥ ಕಾರಲ್ಲಿ ಅದು ಅಪಾಯ. ಪ್ರತಿ ಸಲ ತಿರುಗಿಸಿದ ಮೇಲೆ ಕಾರನ್ನು ಹಿಂದೆ ಮುಂದೆ ಉರುಳಿಸಿ, ಹಿಂಭಾಗ ಒತ್ತಿ, ಮತ್ತೆ ಅಳತೆ. ಐದು ಸಲ ಆಯ್ತು. ಕೊನೆಯ ಬಿಗಿತ ಕಾರು ಚಕ್ರದ ಮೇಲೆ ನಿಂತಿರುವಾಗಲೇ, ಹೊಸ ನಟ್ ಹಾಕಿ, ಟಾರ್ಕ್ ರೆಂಚ್‌ನಲ್ಲಿ. ಜ್ಯಾಕ್ ಮೇಲೆ ಬಿಗಿದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತೆ.

ಹೊಸ ಟೈರ್ ಹಾಕಿ ಅಂಕೋಲಾವರೆಗೆ ಹೋಗಿಬಂದೆ. ಸ್ಟಿಯರಿಂಗ್ ನೇರ. ಮರುದಿನ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ, ತಿರುವಿನಲ್ಲಿ ಹಿಂಭಾಗ ಎಷ್ಟು ಶಾಂತವಾಗಿ ಕೂತಿತ್ತು ಅಂದರೆ ವಾಪಸ್ ಬರುವಾಗ ಬೇಕಂತಲೇ ನಿಧಾನಕ್ಕೆ ಬಂದೆ, ಅದನ್ನು ಅನುಭವಿಸೋಕೆ. 3,000 ಕಿ.ಮೀ. ಆದ ಮೇಲೆ ಟೈರ್ ಮೇಲಿನ ಗೀರುಗಳ ಆಳ ಅಳೆದೆ, ಒಳಗೂ ಹೊರಗೂ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ನಾಲ್ಕೂ ಬೋಲ್ಟಿನ ದಿಂಡಿಗೆ ತಾಮ್ರದ ಗ್ರೀಸ್ ಹಚ್ಚಿದ್ದೇನೆ. ಮೇ ಕೊನೆಗೆ, ಮಳೆ ಹಿಡಿಯೋ ಮೊದಲು, ಇನ್ನೊಮ್ಮೆ ದಾರ ಕಟ್ಟಿ ನೋಡಬೇಕು.