ಟೈರಿನ ಮೈಮೇಲೆ ಸೀಳುಗಾಲುವೆ

ಮಂಡ್ಯದ ಗದ್ದೆಗಳ ನಡುವೆ ಬೆಳೆದವನು ನಾನು. ವಿಶ್ವೇಶ್ವರಯ್ಯ ನಾಲೆಯಿಂದ ಸೀಳುಗಾಲುವೆಗೆ, ಅಲ್ಲಿಂದ ಗದ್ದೆಗೆ ನೀರು ಕವಲೊಡೆಯುವುದನ್ನು ನೋಡುತ್ತಲೇ ದೊಡ್ಡವನಾದೆ. ಮೈಸೂರಿನ ಸಣ್ಣ ಕಾರ್ಖಾನೆಯೊಂದಕ್ಕೆ ಸ್ಕೂಟರ್ ಟೈರಿನ ಬಟನ್, ಅಂದರೆ ನೆಲಕ್ಕೆ ತಾಗುವ ಮೈಮೇಲಿನ ಗೀರುಗಳ, ವಿನ್ಯಾಸ ಮಾಡಲು ಕುಳಿತಾಗ ಕೈ ಅದನ್ನೇ ಬರೆಯಿತು: ನಡುವೆ ದೊಡ್ಡದೊಂದು ಕಾಲುವೆ, ಅದರ ಎರಡೂ ಪಕ್ಕಕ್ಕೆ ಬಾಗುತ್ತಾ ಕಿರಿದಾಗುವ ಕವಲುಗಳು.

ಟೈರು 90/100-10 ಅಳತೆಯದು, ಅಂದರೆ ಹತ್ತು ಇಂಚಿನ ರಿಮ್ಮಿಗೆ ಕೂರುವ, 90 ಮಿ.ಮೀ. ಅಗಲದ್ದು. ಸುತ್ತಳತೆ ಸುಮಾರು 1,360 ಮಿ.ಮೀ. ಅಷ್ಟುದ್ದದ ಕಾಗದದ ಪಟ್ಟಿಯನ್ನು 45 ಭಾಗ ಮಾಡಿ, ಪ್ರತಿ ಭಾಗದಲ್ಲೂ ಒಂದೇ ಚಿತ್ತಾರ ಬರೆದೆ. ಸಮವಾಗಿದ್ದರೇ ಚಂದ ಎಂದು ನಂಬಿದ್ದೆ.

ಕಾರ್ಖಾನೆಯವರು ಬಟನ್ ಇಲ್ಲದ ಬೋಳು ಟೈರನ್ನು ಬೇಯಿಸಿ ಕೊಟ್ಟರು. ಅದರ ಮೇಲೆ ಕೆತ್ತುವುದು ಕರೆಂಟಿನಲ್ಲಿ ಕಾಯುವ, ಲಾಳದಂತೆ ಬಾಗಿದ ಅಲಗಿನಿಂದ. ನಿಧಾನ ಮಾಡಿದರೆ ರಬ್ಬರು ಸುಟ್ಟು ಅಂಚು ಅಂಟಂಟಾಗುತ್ತದೆ. ಅವಸರ ಮಾಡಿದರೆ ಕಿತ್ತುಬರುತ್ತದೆ. ಹದ ಸಿಕ್ಕಾಗ ಮಾತ್ರ ಅಲಗಿನ ಹಿಂದೆ ಕಪ್ಪು ಶಾವಿಗೆಯಂತೆ ಉದ್ದಕ್ಕೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಆ ಸುರುಳಿ ತುಂಡಾಗದೆ ಬಂದ ಕವಲುಗಳೇ ಇಂದಿಗೂ ನನ್ನ ಕಣ್ಣಿಗೆ ಚೆನ್ನಾಗಿ ಕಾಣುವುದು. ಒಂದು ಟೈರಿಗೆ ಎರಡು ದಿನ ಹಿಡಿಯಿತು.

ವರ್ತುಲ ರಸ್ತೆಯಲ್ಲಿ ಓಡಿಸಿದಾಗ, ಗಂಟೆಗೆ 50 ಕಿ.ಮೀ. ಮುಟ್ಟುತ್ತಿದ್ದಂತೆ ತಂಬೂರಿ ಮೀಟಿದ ಹಾಗೆ ಒಂದೇ ಶ್ರುತಿ ಎದ್ದಿತು. ಲೆಕ್ಕ ಹಾಕಿ ನೋಡಿದೆ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 460 ಚಿತ್ತಾರಗಳು ನೆಲಕ್ಕೆ ಬಡಿಯುತ್ತವೆ. ಎಲ್ಲವೂ ಸಮ ಅಂತರದಲ್ಲಿದ್ದರೆ ಕಿವಿಗೆ ಅದು ಒಂದೇ ಸ್ವರ. ಪಟ್ಟಿಯನ್ನು ಬದಿಗಿಟ್ಟು ಹೊಸದನ್ನು ಬರೆದೆ. 27, 30, 34 ಮಿ.ಮೀ.ಗಳ ಮೂರು ಅಳತೆಗಳನ್ನು ತಲಾ ಹದಿನೈದರಂತೆ ಹಿಂದುಮುಂದಾಗಿ ಜೋಡಿಸಿದೆ. ಶ್ರುತಿ ಒಡೆದು ಬರಿಯ ಸದ್ದಾಯಿತು. ವ್ಯತ್ಯಾಸ ಕಣ್ಣಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ನೋಂದಣಿ. ನಮ್ಮಲ್ಲಿ 2000ದ ವಿನ್ಯಾಸ ಕಾಯ್ದೆ ಕಣ್ಣಿಗೆ ಕಾಣುವ ರೂಪವನ್ನಷ್ಟೇ ಕಾಯುತ್ತದೆ. ಮೊದಲು ಹತ್ತು ವರ್ಷ, ಕೇಳಿಕೊಂಡರೆ ಇನ್ನೂ ಐದು. ರಸ್ತೆಯ ನೀರನ್ನು ಟೈರಿನಡಿಯಿಂದ ಹೊರಹಾಕುವ ಗುಣಕ್ಕೆ ಅಲ್ಲಿ ರಕ್ಷಣೆ ಇಲ್ಲ. ಮೊದಲು ಇದು ಅನ್ಯಾಯವೆನಿಸಿತು, ಈಗ ಸರಿಯೆನಿಸುತ್ತದೆ. ನೀರು ಆಚೆ ಹೋಗಲು ನೂರು ದಾರಿಗಳಿವೆ, ಅವು ಎಲ್ಲರವು. ಅವುಗಳಲ್ಲಿ ನಾನು ಆರಿಸಿದ ಬಾಗು ಮಾತ್ರ ನನ್ನದು.

ಅರ್ಜಿ ಹಾಕುವ ಮೊದಲೇ ವಿನ್ಯಾಸ ಬಯಲಾದರೆ ಹೊಸದೆಂಬ ಹಕ್ಕು ಹೋಗುತ್ತದೆ. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ಹಾಕಲು ಫೋಟೊ ಕೇಳಿದ ಅಂಗಡಿಯ ಗೆಳೆಯರಿಗೆ, "ಅರ್ಜಿ ಹೋಗುವವರೆಗೆ ತಡೆಯಿರಿ, ಅಣ್ಣ" ಎಂದೆ. ಅವರಿಗೆ ಬೇಸರವಾಯಿತು, ಆದರೂ ತಡೆದರು. ಅರ್ಜಿಗೆ ಬೇಕಾದ ಚಿತ್ರಗಳದೇ ದೊಡ್ಡ ಕೆಲಸ. ಕಪ್ಪು ರಬ್ಬರಿನಲ್ಲಿ ಕಪ್ಪು ಕಾಲುವೆ ಫೋಟೊದಲ್ಲಿ ಕಾಣುವುದೇ ಇಲ್ಲ. ಸೀಮೆಸುಣ್ಣದ ಪುಡಿ ಉಜ್ಜಿ ನೋಡಿ, ಕೊನೆಗೆ ಎಲ್ಲ ಕೋನಗಳಿಂದಲೂ ಗೆರೆಚಿತ್ರವನ್ನೇ ಬರೆದೆ.

ಈಗ ಎರಡು ಸಾವಿರ ಕಿ.ಮೀ.ಗೊಮ್ಮೆ ನನ್ನ ಸ್ಕೂಟರಿನ ಹಿಂದಿನ ಟೈರಿಗೆ ಶಾಯಿ ಬಳಿದು ಕಾಗದದ ಮೇಲೆ ಉರುಳಿಸಿ ಅಚ್ಚು ತೆಗೆಯುತ್ತೇನೆ. ಎಂಟು ಸಾವಿರದ ಅಚ್ಚಿನಲ್ಲಿ ಕವಲುಗಳ ತುದಿ ಅಳಿಸಿಹೋಗಿದೆ. ಅಲ್ಲಿ ಆಳ ಕಡಿಮೆ ಕೊಟ್ಟಿದ್ದೆ. ಮುಂದಿನ ಟೈರಿನ ಪಟ್ಟಿಯಲ್ಲಿ ತುದಿಯವರೆಗೂ ಒಂದೇ ಆಳ ಬರೆದಿದ್ದೇನೆ.