ಉಪ್ಪು ಸೊಳೆಯಿಂದ ಮೆದುಳಿನವರೆಗೆ: ಮೈಕ್ರೋಡಯಾಲಿಸಿಸ್ ಪ್ರೋಬ್ ಸಿದ್ಧ ಮಾಡುವುದು ಹೇಗೆ?

ಮಳೆಗಾಲದಲ್ಲಿ ಹಲಸಿನ ಉಪ್ಪು ಸೊಳೆಯ ಭರಣಿ ತೆರೆದಾಗ ಅಮ್ಮಂದಿರು ಏನು ಮಾಡುತ್ತಾರೆ? ಸೊಳೆ ತೆಗೆದು ನೀರಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಆ ನೀರು ಚೆಲ್ಲಿ ಬೇರೆ ನೀರು ಹಾಕುತ್ತಾರೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಪಲ್ಯಕ್ಕೋ ರೊಟ್ಟಿಗೋ ಸೊಳೆ ಸರಿಯಾಗುತ್ತದೆ. ಸೊಳೆ ಸೊಳೆಯಾಗಿಯೇ ಉಳಿಯಿತು, ಉಪ್ಪು ಮಾತ್ರ ಹೊರಗೆ ಬಂತು.

ಡಯಾಲಿಸಿಸ್‌ನ ತತ್ವವೂ ಇದೇ. ಆ ಹೆಸರು ಕಾಸರಗೋಡಿನವರಿಗೆ ಹೊಸದಲ್ಲ. ಕಿಡ್ನಿ ಕೆಟ್ಟು ವಾರಕ್ಕೆ ಎರಡು ಮೂರು ಸಲ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅಲ್ಲಿ ಯಂತ್ರ ರಕ್ತವನ್ನು ತೊಳೆಯುತ್ತದೆ. ಪ್ರಯೋಗಾಲಯದ ಮೈಕ್ರೋಡಯಾಲಿಸಿಸ್ ತೊಳೆಯುವುದಕ್ಕಲ್ಲ, ತಿಳಿಯುವುದಕ್ಕೆ. ಜೀವಂತ ಮೆದುಳಿನಲ್ಲಿ ಜೀವಕೋಶಗಳ ನಡುವಿನ ದ್ರವದಲ್ಲಿ ಈಗ, ಈ ಹೊತ್ತಿನಲ್ಲಿ, ಯಾವ ರಾಸಾಯನಿಕ ಎಷ್ಟು ಓಡಾಡುತ್ತಿದೆ ಎಂದು ಅದು ತೋರಿಸುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಎಂಎಸ್ಸಿಗೆ ಬಂದ ನಮ್ಮ ಮಕ್ಕಳು ಈ ವಿಷಯವನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿ, ಅರ್ಧ ಅರ್ಥವಾಗಿ, ಉಳಿದರ್ಧ ಕೇಳಲು ಹಿಂಜರಿಯುವುದನ್ನು ನೋಡಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರೋಬ್ ಎಂದರೇನು?

ಒಂದು ತೆಳು ಸೂಜಿಯನ್ನು ನೆನೆಸಿಕೊಳ್ಳಿ. ಅದರ ತುದಿಯ 1ರಿಂದ 4 ಮಿಲಿಮೀಟರ್ ಭಾಗ ಲೋಹವಲ್ಲ, ಸಣ್ಣ ಸಣ್ಣ ರಂಧ್ರಗಳಿರುವ ಪೊರೆ. ದಪ್ಪ ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಒಂದು ದಾರಿಯಲ್ಲಿ ದ್ರವ ಒಳಗೆ ಬಂದು, ಪೊರೆಯನ್ನು ಸವರಿಕೊಂಡು, ಇನ್ನೊಂದು ದಾರಿಯಲ್ಲಿ ಹೊರಗೆ ಹೋಗುತ್ತದೆ. ಬಾಯಾರು, ಪೈವಳಿಕೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ಸುರಂಗಗಳನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮುರಕಲ್ಲಿನ ಗೋಡೆಯಿಂದ ನೀರು ಒಸರುತ್ತದೆ, ಕಲ್ಲು ಬರುವುದಿಲ್ಲ. ಒಸರಿದ್ದು ನಿಧಾನವಾಗಿ ಹರಿದು ಹೊರಗಿನ ಕೆರೆ ಸೇರುತ್ತದೆ.

ಪೊರೆಯ ರಂಧ್ರಕ್ಕೂ ಒಂದು ಅಳತೆ ಇದೆ. ಸಾಮಾನ್ಯವಾಗಿ ಬಳಸುವ ಪೊರೆ ಸುಮಾರು 20,000 ಡಾಲ್ಟನ್‌ಗಿಂತ ಚಿಕ್ಕ ಅಣುಗಳನ್ನು ಬಿಡುತ್ತದೆ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ). ನರಕೋಶಗಳು ಸಂದೇಶ ಕಳಿಸಲು ಬಿಡುವ ಡೋಪಮಿನ್, ಗ್ಲುಟಮೇಟ್, ಜೊತೆಗೆ ಗ್ಲೂಕೋಸ್ ಸಲೀಸಾಗಿ ಬರುತ್ತವೆ. ದೊಡ್ಡ ಪ್ರೊಟೀನ್‌ಗಳು ಹೊರಗೇ ಉಳಿಯುತ್ತವೆ. ಹಾಗಾಗಿ ಸಿಗುವ ಮಾದರಿ ಆಗಲೇ ಸೋಸಿದಂತೆ ಇರುತ್ತದೆ. ಅಣುಗಳನ್ನು ಒಡೆಯುವ ಕಿಣ್ವಗಳು ಬರುವುದಿಲ್ಲವಾದ್ದರಿಂದ ಮಾದರಿ ಅಲ್ಲೇ ಒಡೆದುಹೋಗುವ ಭಯವೂ ಕಡಿಮೆ.

1966ರಲ್ಲಿ ಬಿಟೋ ಮತ್ತು ಸಂಗಡಿಗರು ಸಣ್ಣ ಡಯಾಲಿಸಿಸ್ ಚೀಲಗಳನ್ನು ನಾಯಿಯ ಮೆದುಳಿನಲ್ಲಿಟ್ಟು ವಾರಗಟ್ಟಲೆ ಬಿಟ್ಟು ತೆಗೆದು ನೋಡಿದ್ದರು. 1974ರಲ್ಲಿ ಸ್ವೀಡನ್ನಿನ ಊರ್ಬಾನ್ ಉಂಗರ್‌ಸ್ಟೆಡ್ ಮತ್ತು ಪೈಕಾಕ್ ಟೊಳ್ಳು ನಾರಿನೊಳಗೆ ದ್ರವ ಹರಿಸುವ ದಾರಿ ಹಿಡಿದರು. ಇಂದಿನ ಪ್ರೋಬ್ ಬಂದದ್ದು ಅಲ್ಲಿಂದ.

ಮೊದಲು ದ್ರವ

ಹರಿಸುವ ದ್ರವ ಮೆದುಳಿನ ದ್ರವವನ್ನು ಹೋಲಬೇಕು. ಬರೀ ನೀರು ಹರಿಸಿದರೆ ಸುತ್ತಲಿನ ಉಪ್ಪೆಲ್ಲ ಎಳೆದುಕೊಂಡು ಬರುತ್ತದೆ, ಜೀವಕೋಶಗಳು ಕಂಗೆಡುತ್ತವೆ. ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆ ಹೀಗಿದೆ: ಸೋಡಿಯಂ ಕ್ಲೋರೈಡ್ 147, ಪೊಟ್ಯಾಶಿಯಂ ಕ್ಲೋರೈಡ್ 2.7, ಕ್ಯಾಲ್ಸಿಯಂ ಕ್ಲೋರೈಡ್ 1.2, ಮೆಗ್ನೀಶಿಯಂ ಕ್ಲೋರೈಡ್ 0.85, ಎಲ್ಲವೂ ಮಿಲಿಮೋಲಾರ್‌ನಲ್ಲಿ. ತೂಕ ಮಾಡುವಾಗ ಅವಸರ ಬೇಡ. ಕ್ಯಾಲ್ಸಿಯಂ ಸ್ವಲ್ಪ ಹೆಚ್ಚುಕಮ್ಮಿಯಾದರೂ ನರಕೋಶ ಬಿಡುಗಡೆ ಮಾಡುವ ಡೋಪಮಿನ್‌ನ ಲೆಕ್ಕವೇ ಬದಲಾಗುತ್ತದೆ. ಕರಗಿದ ಮೇಲೆ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ಫ್ರಿಜ್‌ನಿಂದ ತೆಗೆದ ದ್ರವವನ್ನು ಹಾಗೇ ಸಿರಿಂಜಿಗೆ ತುಂಬಬೇಡಿ. ತಣ್ಣನೆಯ ನೀರಿನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ಅದು 37 ಡಿಗ್ರಿಯ ದೇಹಕ್ಕೆ ಹೋದಾಗ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ಪೊರೆಗೆ ಅಂಟಿ ಕೂತರೆ ಅಷ್ಟು ಜಾಗ ಕೆಲಸಕ್ಕೆ ಬಾರದು. ಅಡಿಕೆ ತೋಟದ ಪೈಪಿನಲ್ಲಿ ಗಾಳಿ ಸಿಕ್ಕಿ ನೀರು ಬಾರದೆ ನಿಂತದ್ದು ನೋಡಿದ್ದೀರಲ್ವಾ? ಹಾಗೆಯೇ. ದ್ರವ ಕೋಣೆಯ ಬಿಸಿಗೆ ಬರಲಿ, ಗಾಳಿ ತೆಗೆಯಿರಿ, ಆಮೇಲೆ ತುಂಬಿ.

ಪೊರೆಯನ್ನು ಎಬ್ಬಿಸುವುದು

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇಲ್ಲಿ.

ಹೊಸ ಪ್ರೋಬಿನ ಪೊರೆ ಒಣಗಿ ಬಿರಿಯದಿರಲಿ ಎಂದು ಸಾಮಾನ್ಯವಾಗಿ ಗ್ಲಿಸರಿನ್ ಸವರಿರುತ್ತಾರೆ. ಅದನ್ನು ತೆಗೆಯಲೇಬೇಕು. ಹೆಚ್ಚಿನ ಪ್ರೋಬ್‌ಗಳಿಗೆ 70 ಶೇಕಡಾ ಎಥನಾಲ್ ಆಗುತ್ತದೆ. ತುದಿಯನ್ನು ಎಥನಾಲ್‌ನಲ್ಲಿ ಮುಳುಗಿಸಿ ಒಳಗಿನಿಂದಲೂ ಕೆಲವು ನಿಮಿಷ ಎಥನಾಲ್ ಹರಿಸಿ, ನಂತರ ಶುದ್ಧ ನೀರು, ಕೊನೆಗೆ ನಿಮ್ಮ ದ್ರವ. ಎಲ್ಲ ಪೊರೆಗೂ ಎಥನಾಲ್ ಹೊಂದುವುದಿಲ್ಲ. ಪ್ರೋಬ್ ಜೊತೆ ಬರುವ ಚೀಟಿಯನ್ನು ಓದದೆ ಶುರು ಮಾಡಬೇಡಿ.

ಒಮ್ಮೆ ಒದ್ದೆಯಾದ ಪೊರೆ ಮತ್ತೆ ಒಣಗಬಾರದು. ಕೈ ತಾಗಬಾರದು, ಟಿಶ್ಯೂ ತಾಗಬಾರದು, ಗಾಜಿನ ಅಂಚೂ ತಾಗಬಾರದು. ಕಲಿಯುವ ದಿನಗಳಲ್ಲಿ ನಾನು ತೊಳೆದ ಪ್ರೋಬನ್ನು ಮೇಜಿನ ಮೇಲಿಟ್ಟು ಫೋನಿಗೆ ಹೋದೆ. ಮರಳಿ ಬಂದಾಗ ಹತ್ತು ನಿಮಿಷವಾಗಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಮತ್ತೆ ಒದ್ದೆ ಮಾಡಿ ಬಳಸಿದೆ. ಸಂಜೆ ನೋಡಿದರೆ ಪ್ರತಿ ಮಾದರಿಯೂ ಅಳತೆಗಿಂತ ಕಡಿಮೆ. ಪೊರೆ ಬಿರಿದು ದ್ರವ ಮೆದುಳಿಗೆ ಸೋರಿತ್ತು. ಆ ಇಲಿಯ ಜೀವ ಸುಮ್ನೆ ಹೋಯಿತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಮೇಜಿನ ಮೇಲೆ ಸರಿಯಾಗದ್ದು ಪ್ರಾಣಿಯ ಒಳಗೆ ಹೋಗಿ ಸರಿಯಾಗುವುದಿಲ್ಲ ಎಂದು ನಾನು ಕಲಿತದ್ದು ಹೀಗೆ.

ಹಾಗಾಗಿ ಸೋರಿಕೆ ಪರೀಕ್ಷೆ ಬಿಡಬೇಡಿ. ಸಿರಿಂಜನ್ನು ಮೆಲ್ಲಗೆ ತಳ್ಳುವ ಪಂಪನ್ನು ನಿಮಿಷಕ್ಕೆ 1 ಮೈಕ್ರೋಲೀಟರ್‌ಗೆ ಇಡಿ. 20 ನಿಮಿಷ ಹರಿಯಲು ಬಿಡಿ. ಹೊರಬಂದದ್ದು 20 ಮೈಕ್ರೋಲೀಟರ್ ಇರಬೇಕು. ಇದು ಒಂದು ಹನಿಯ ಅರ್ಧಕ್ಕಿಂತಲೂ ಕಡಿಮೆ, ಕಣ್ಣಂದಾಜು ನಡೆಯುವುದಿಲ್ಲ. ಮಾದರಿ ಹಿಡಿಯುವ ಸಣ್ಣ ಸೀಸೆಯನ್ನು, ಅಂದರೆ ವೈಯಲನ್ನು, ಮೊದಲು ಖಾಲಿ ತೂಗಿ, ಆಮೇಲೆ ಮತ್ತೆ ತೂಗಿ. ಕಡಿಮೆ ಬಂದರೆ ಒಂದೋ ಕೀಲಿನಲ್ಲಿ ಸೋರಿಕೆ, ಇಲ್ಲವೇ ಪೊರೆಯಲ್ಲಿ. ಹೊರಹೋಗುವ ಟ್ಯೂಬ್ ಕಟ್ಟಿಕೊಂಡರೂ ಹೀಗಾಗುತ್ತದೆ. ಒತ್ತಡ ಹೆಚ್ಚಿ ದ್ರವ ಪೊರೆಯಿಂದಲೇ ಆಚೆ ಜಿನುಗುತ್ತದೆ. ಹೊರಟ್ಯೂಬಿನ ತುದಿಯನ್ನು ಪ್ರೋಬಿಗಿಂತ ತುಂಬಾ ಎತ್ತರದಲ್ಲಿ ಇಟ್ಟರೂ ಅದೇ ಕಥೆ.

ಟ್ಯೂಬನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಓರೆಯಾದರೆ ಜೋಡಿಸಿದಲ್ಲಿ ಸಂದು ಉಳಿದು ಗುಳ್ಳೆ ಅಲ್ಲೇ ಮನೆ ಮಾಡುತ್ತದೆ. ಜೋಡಿಸುವಾಗ ಎರಡೂ ತುದಿಯಲ್ಲಿ ಒಂದೊಂದು ಹನಿ ನೇತಾಡುತ್ತಿರಲಿ. ಹನಿಗೆ ಹನಿ ಸೇರಿದರೆ ಗಾಳಿಗೆ ಜಾಗವಿಲ್ಲ.

ಎಷ್ಟು ಪಾಲು ಸಿಗುತ್ತದೆ?

ಹೊರಗಿರುವ ಡೋಪಮಿನ್ ಎಲ್ಲವೂ ಪ್ರೋಬಿಗೆ ಬರುವುದಿಲ್ಲ. ಎಷ್ಟು ಪಾಲು ಬರುತ್ತದೋ ಅದನ್ನು ರಿಕವರಿ ಎನ್ನುತ್ತಾರೆ. ಗೊತ್ತಿರುವ ಸಾಂದ್ರತೆಯ ದ್ರಾವಣವನ್ನು 37 ಡಿಗ್ರಿಯಲ್ಲಿಟ್ಟು ಪ್ರೋಬ್ ಮುಳುಗಿಸಿ, ಹೊರಬಂದದ್ದನ್ನು ಅಳೆಯಿರಿ. ಲೋಟದಲ್ಲಿ 100 ಇದ್ದು ವೈಯಲ್‌ನಲ್ಲಿ 18 ಸಿಕ್ಕಿದರೆ ರಿಕವರಿ 18 ಶೇಕಡಾ. ಪ್ರತಿ ಪ್ರೋಬಿಗೂ ಇದನ್ನು ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೇ ಪೆಟ್ಟಿಗೆಯ ಪ್ರೋಬ್‌ಗಳೂ ಒಂದರಂತೆ ಒಂದು ಇರುವುದಿಲ್ಲ.

ಹರಿವು ನಿಧಾನವಾದಷ್ಟೂ ಈ ಪಾಲು ಹೆಚ್ಚು. ಮತ್ತೆ ಸೊಳೆಗೆ ಬನ್ನಿ. ನೀರನ್ನು ತುಂಬಾ ಹೊತ್ತು ಬಿಟ್ಟರೆ ಆ ನೀರು ಚೆನ್ನಾಗಿ ಉಪ್ಪಾಗುತ್ತದೆ. ನಲ್ಲಿಯ ಕೆಳಗೆ ಹಿಡಿದರೆ ಹರಿದುಹೋಗುವ ನೀರಿಗೆ ಉಪ್ಪಿನ ರುಚಿ ಅಷ್ಟಾಗಿ ಇಲ್ಲ, ಆದರೆ ಸೊಳೆ ಬೇಗ ಸಪ್ಪೆಯಾಗುತ್ತದೆ. ಪ್ರೋಬಿನಲ್ಲೂ ಹಾಗೇ. ವೇಗ ಹೆಚ್ಚಿಸಿದರೆ ಮಾದರಿ ತೆಳುವಾಗುತ್ತದೆ, ಸುತ್ತಲಿನ ಅಂಗಾಂಶದಿಂದ ಎಳೆಯುವುದು ಮಾತ್ರ ಜಾಸ್ತಿ. ಮೆದುಳನ್ನು ಬರಿದು ಮಾಡಿ ಅಳೆದರೆ ಏನು ಅಳೆದ ಹಾಗಾಯಿತು? ಸಾಧಾರಣವಾಗಿ ನಿಮಿಷಕ್ಕೆ 0.3ರಿಂದ 2 ಮೈಕ್ರೋಲೀಟರ್ ಒಳಗೆ ಕೆಲಸ ಮಾಡುತ್ತಾರೆ.

ಲೋಟದ ರಿಕವರಿಯನ್ನು ಮೆದುಳಿಗೆ ಹಾಗೇ ಅನ್ವಯಿಸಬಾರದು. ಲೋಟದಲ್ಲಿ ಅಣುವಿಗೆ ನೇರ ದಾರಿ. ಮೆದುಳಿನಲ್ಲಿ ಜೀವಕೋಶಗಳ ನಡುವೆ ಸುತ್ತಿ ಬಳಸಿ ಬರಬೇಕು. ಲೋಟದ ಪರೀಕ್ಷೆ ಪ್ರೋಬ್ ಚೆನ್ನಾಗಿದೆಯೇ ಎಂದು ಹೇಳುತ್ತದೆ, ಅಷ್ಟೇ. ನಿಜವಾದ ಸಾಂದ್ರತೆ ಬೇಕಾದರೆ ಒಳಹೋಗುವ ದ್ರವದಲ್ಲೇ ಬೇರೆ ಬೇರೆ ಪ್ರಮಾಣದಲ್ಲಿ ಆ ವಸ್ತುವನ್ನು ಸೇರಿಸಿ ಹರಿಸುತ್ತಾರೆ. ಯಾವ ಪ್ರಮಾಣದಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲವೋ ಅದೇ ಹೊರಗಿನ ಸಾಂದ್ರತೆ. ದಿನಗಟ್ಟಲೆ ಹಿಡಿಯುವ ಕೆಲಸ, ಆದರೆ ನನಗೆ ಅತ್ಯಂತ ನಂಬಿಕೆ ಇರುವ ದಾರಿ ಇದು.

ಪ್ರಾಣಿಯ ಬಳಿಗೆ

ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ, ತರಬೇತಾದವರು ಪಕ್ಕದಲ್ಲಿ ಇಲ್ಲದೆ ಇಲ್ಲಿಂದ ಮುಂದೆ ಹೋಗಬಾರದು. ಪೂರ್ತಿ ಅರಿವಳಿಕೆಯಲ್ಲಿ, ತಲೆಬುರುಡೆಯ ಗುರುತುಗಳಿಂದ ಅಳೆದು, ಮೊದಲು ಪ್ರೋಬಿಗೆ ದಾರಿ ತೋರುವ ಸಣ್ಣ ಕೊಳವೆ, ಗೈಡ್ ಕ್ಯಾನುಲಾ, ಕೂರಿಸುತ್ತಾರೆ. ನೋವಿನ ಔಷಧ ಕೊಟ್ಟು, ಪ್ರಾಣಿ ತಿಂದುಂಡು ಚೇತರಿಸಿಕೊಳ್ಳಲು ಕೆಲವು ದಿನ ಬಿಡುತ್ತಾರೆ. ಪ್ರಯೋಗದ ದಿನ ಪ್ರೋಬನ್ನು ಅದರೊಳಗೆ ಮೆಲ್ಲಗೆ ಇಳಿಸುತ್ತಾರೆ. ಆಗ ದ್ರವ ಹರಿಯುತ್ತಲೇ ಇರಬೇಕು.

ಪ್ರೋಬ್ ಇಳಿದ ಕೂಡಲೇ ಮಾದರಿ ತೆಗೆದರೆ ಸಿಗುವುದು ಗಾಯದ ಸುದ್ದಿ. ಪೆಟ್ಟಾದ ಕೋಶಗಳು ಒಳಗಿದ್ದದ್ದನ್ನೆಲ್ಲ ಚೆಲ್ಲಿರುತ್ತವೆ. ಕನಿಷ್ಠ ಒಂದೆರಡು ಗಂಟೆ, ಕೆಲವು ವಸ್ತುಗಳಿಗೆ ರಾತ್ರಿಯಿಡೀ ಕಾಯಬೇಕು. ಮೂರು ನಾಲ್ಕು ಮಾದರಿ ಒಂದೇ ಮಟ್ಟದಲ್ಲಿ ಬಂದ ಮೇಲೆ ಪರೀಕ್ಷಿಸಬೇಕಾದ ಔಷಧ ಕೊಡಿ.

ಇನ್ನೊಂದು ಲೆಕ್ಕ ಹಲವರು ಮರೆಯುತ್ತಾರೆ. ಮೋಟರ್ ಹಾಕಿದ ಕೂಡಲೇ ತೋಟದ ತುದಿಗೆ ನೀರು ಬರುವುದಿಲ್ಲವಲ್ಲ? ಹೊರಟ್ಯೂಬಿನ 10 ಸೆಂಟಿಮೀಟರಿಗೆ 1.2 ಮೈಕ್ರೋಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ. 50 ಸೆಂಟಿಮೀಟರಿಗೆ 6 ಆಯಿತು. ನಿಮಿಷಕ್ಕೆ 1ರ ವೇಗದಲ್ಲಿ ಮೆದುಳಿನಲ್ಲಿ ಆದದ್ದು ವೈಯಲಿಗೆ ಬರಲು 6 ನಿಮಿಷ ಬೇಕು. ಇದನ್ನು ಕಳೆಯದಿದ್ದರೆ ಔಷಧ ತಡವಾಗಿ ಕೆಲಸ ಮಾಡಿತು ಎಂದು ತಪ್ಪು ಬರೆಯುತ್ತೀರಿ.

ಡೋಪಮಿನ್ ಗಾಳಿಗೂ ಬೆಳಕಿಗೂ ಬೇಗ ಕೆಡುತ್ತದೆ. ವೈಯಲಿನಲ್ಲಿ ಮೊದಲೇ ಸ್ವಲ್ಪ ಆಮ್ಲ ಇರಲಿ, ತಣ್ಣಗಿರಲಿ, ಅಂದೇ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಗೆ ಹಾಕಲಾಗದಿದ್ದರೆ ಮೈನಸ್ 80 ಡಿಗ್ರಿಗೆ ಹೋಗಲಿ. ಕೊನೆಗೆ ಮೆದುಳಿನ ತೆಳು ಪದರ ಕತ್ತರಿಸಿ ಪ್ರೋಬ್ ಹೋದ ಜಾಡು ನೋಡಬೇಕು. ಜಾಗ ತಪ್ಪಿದ್ದರೆ ಆ ಅಂಕಿಗಳನ್ನು ಬಿಡಬೇಕು, ಎಷ್ಟೇ ಚೆನ್ನಾಗಿ ಕಂಡರೂ.

ನಮ್ಮ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಕೀಟನಾಶಕ ಎಂಡೋಸಲ್ಫಾನ್‌ನದ್ದು. ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಆ ವಿಷವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, ನೋವು ಮನೆಗಳಲ್ಲಿ ಉಳಿಯಿತು. ಪ್ರೋಬಿನಿಂದ ಅದನ್ನು ಅಳೆಯಬಹುದೇ? ನೇರವಾಗಿ ಕಷ್ಟ. ಅದು ನೀರಿಗಿಂತ ಕೊಬ್ಬಿಗೆ ಒಲಿಯುವ ವಸ್ತು, ಪೊರೆಗೂ ಟ್ಯೂಬಿಗೂ ಅಂಟಿಕೊಳ್ಳುತ್ತದೆ. ಆದರೆ ಅದು ಕೆಡಿಸುವುದು ಮೆದುಳಿನಲ್ಲಿ ನರಕೋಶಗಳ ಅಬ್ಬರವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ವ್ಯವಸ್ಥೆಯನ್ನು. ಗಾಬಾ, ಗ್ಲುಟಮೇಟ್‌ಗಳ ಏರಿಳಿತವನ್ನು ಪ್ರೋಬ್ ಹಿಡಿಯಬಲ್ಲದು. ಇಂಥ ಪ್ರಶ್ನೆ ಕೇಳುವ ಮಕ್ಕಳೇ ಈ ಕೆಲಸಕ್ಕೆ ಬರಬೇಕು ಎಂದು ನನ್ನ ಆಸೆ.

ಶಾಲೆಯಲ್ಲೇ ಮಾಡಿ ನೋಡಿ

ಪ್ರೋಬೂ ಬೇಡ, ಪ್ರಾಣಿಯೂ ಬೇಡ. ಪ್ಲಸ್ ಟು ಲ್ಯಾಬಿನಲ್ಲಿ ಡಯಾಲಿಸಿಸ್ ಟ್ಯೂಬ್ ಇದ್ದರೆ ಒಂದು ಗೇಣು ಕತ್ತರಿಸಿ ನೀರಲ್ಲಿ ನೆನೆಸಿ. ಒಂದು ತುದಿ ನೂಲಿನಿಂದ ಬಿಗಿಯಾಗಿ ಕಟ್ಟಿ, ಗಂಜಿಯ ತಿಳಿ ತುಂಬಿ, ಇನ್ನೊಂದು ತುದಿಯನ್ನೂ ಕಟ್ಟಿ. ಹೊರಗೆ ಚೆಲ್ಲಿದ ಗಂಜಿಯನ್ನು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಈಗ ಅಯೋಡಿನ್ ಹನಿಸಿದ ನೀರಿನ ಲೋಟದಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಚೀಲದ ಒಳಗೆ ಕಪ್ಪುನೀಲಿ ಬಣ್ಣ ಏರುತ್ತದೆ. ಅಯೋಡಿನ್ ಒಳಗೆ ಹೋಯಿತು, ಗಂಜಿಯ ದೊಡ್ಡ ಅಣು ಹೊರಗೆ ಬರಲಿಲ್ಲ. ಲೋಟದ ನೀರು ಕಂದಾಗಿಯೇ ಉಳಿದರೆ ನಿಮ್ಮ ಗಂಟು ಸರಿಯಾಗಿದೆ. ಅದೂ ನೀಲಿಯಾದರೆ ಎಲ್ಲೋ ಸೋರಿದೆ. ಬಿಚ್ಚಿ, ಹೊಸ ತುಂಡು ತೆಗೆದುಕೊಂಡು ಮತ್ತೆ ಕಟ್ಟಿ.