ಕಾಲಿನ ನಾಡಿಯನ್ನು ಮನೆಯಲ್ಲೇ ನೋಡುವ ಬಗೆ

ನಡೆಯುವಾಗ ಮೀನಖಂಡ ಹಿಡಿದುಕೊಂಡು, ಕೆಲವು ನಿಮಿಷ ನಿಂತರೆ ನೋವು ಇಳಿದು, ಮತ್ತೆ ಅಷ್ಟೇ ದೂರ ನಡೆದಾಗ ಅದೇ ನೋವು ಮರಳಿ ಬಂದರೆ, ಅದನ್ನು ವಾಯುವೆಂದೋ ವಯಸ್ಸಾಯಿತೆಂದೋ ಬಿಟ್ಟುಬಿಡಬಾರದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಕಾಲುಗಳಿಗೆ ರಕ್ತ ಒಯ್ಯುತ್ತದೆ. ಆ ದಾರಿಯಲ್ಲಿ ಎಲ್ಲಿಯಾದರೂ ಕೊಬ್ಬು ಕಟ್ಟಿ ನಾಳ ಕಿರಿದಾದರೆ, ಕುಳಿತಾಗ ಸಾಲುವ ರಕ್ತ ನಡೆಯುವಾಗ ಸಾಲದಾಗುತ್ತದೆ. ಸೊಂಟದಲ್ಲಿ ನರ ಒತ್ತಿದಾಗಲೂ ಕಾಲು ನೋಯುತ್ತದೆ, ಆದರೆ ಆ ನೋವು ಸಾಮಾನ್ಯವಾಗಿ ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ, ಬರೀ ನಿಂತರೆ ಇಳಿಯುವುದಿಲ್ಲ.

ನಾಡಿ ನೋಡಬೇಕಾದವರು ಐದು ನಿಮಿಷ ಕಾಲು ಚಾಚಿ ಮಲಗಲಿ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಪಾದದ ಮೇಲೆ ಎದ್ದು ಕಾಣುವ ಸ್ನಾಯುರಜ್ಜುವಿನ ಹೊರಬದಿಗೆ, ಪಾದದ ನಡುಭಾಗದಲ್ಲಿ, ಮೂರು ಬೆರಳುಗಳ ತುದಿಯನ್ನು ಹಗುರವಾಗಿ ಇಡಬೇಕು. ಗಟ್ಟಿಯಾಗಿ ಒತ್ತಿದರೆ ಬಡಿತ ಅಡಗಿಹೋಗುತ್ತದೆ. ಕೈಯ ಹೆಬ್ಬೆರಳಿನಿಂದ ನೋಡಿದರೆ ನೋಡುವವರ ನಾಡಿಯೇ ತಿಳಿದು ಮೋಸವಾಗುತ್ತದೆ. ಎರಡನೆಯ ಜಾಗ ಪಾದದ ಒಳಬದಿಯ ಹರಡಿನ ಮೂಳೆಯ ಹಿಂದೆ, ಮೂಳೆಗೂ ಹಿಮ್ಮಡಿಯ ದಪ್ಪ ನರದಂತಿರುವ ಸ್ನಾಯುರಜ್ಜುವಿಗೂ ನಡುವಿನ ತಗ್ಗಿನಲ್ಲಿದೆ. ಎರಡೂ ಕಾಲುಗಳನ್ನು ಹೋಲಿಸಿ ನೋಡಬೇಕು. ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ, ಆದ್ದರಿಂದ ಅದೊಂದೇ ಸಿಗದಿದ್ದರೆ ಗಾಬರಿ ಬೇಡ. ಯಾವುದೇ ಒಂದು ಕಾಲಿನಲ್ಲಿ ಎರಡೂ ನಾಡಿ ಸಿಗದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ನಾಡಿ ಸಿಕ್ಕರೂ ಮೇಲೆ ಹೇಳಿದ ನೋವು ಇದ್ದರೆ ತೋರಿಸಿಕೊಳ್ಳುವುದೇ ಸರಿ.

ಆಸ್ಪತ್ರೆಯಲ್ಲಿ ಹರಡಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುತ್ತಾರೆ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಗಡುಸಾಗಿ ಈ ಸಂಖ್ಯೆ 1.40 ದಾಟಬಹುದು, ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡವನ್ನೇ ಅಳೆಯಬೇಕಾಗುತ್ತದೆ.

ತಂಬಾಕನ್ನು ಬಿಡದೆ ಯಾವ ಔಷಧಿಯೂ ಪೂರ್ತಿ ಫಲ ಕೊಡದು. ಹೊಗೆಸೊಪ್ಪು ಬೆಳೆಯುವ ನಿಪ್ಪಾಣಿಯ ಕಡೆ ಬೀಡಿ ಸುಲಭವಾಗಿ ಕೈಗೆ ಸಿಗುತ್ತದೆ. ವೈದ್ಯ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ, ಐವತ್ತರೊಳಗಿನವರ ಬೆರಳುಗಳನ್ನೇ ಕೊಳೆಸುವ ಕಾಯಿಲೆಯಂತೂ ತಂಬಾಕನ್ನು ಸಂಪೂರ್ಣ ಬಿಟ್ಟರೆ ಮಾತ್ರ ನಿಲ್ಲುತ್ತದೆ. ಪಾದದಲ್ಲಿ ಹುಣ್ಣಿಲ್ಲದವರು ವೈದ್ಯರನ್ನು ಕೇಳಿ, ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುತ್ತ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, 12 ವಾರ ಮುಂದುವರಿಸಬೇಕು.

ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸೇದುವವರು ಮೊದಲು ಈ ನಾಡಿಗಳನ್ನು ನೋಡಿಕೊಳ್ಳಬೇಕೆಂಬುದು ನನ್ನ ಕಳಕಳಿಯ ವಿನಂತಿ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಎದ್ದ ಗುಳ್ಳೆ, ರಕ್ತ ಸಾಲದ ಪಾದದಲ್ಲಿ ಮಾಯುವುದಿಲ್ಲ. ಮೆತ್ತನೆಯ ಪಾದರಕ್ಷೆ ಹಾಕಿದರೆ ಭಕ್ತಿಗೆ ಕೊರತೆಯಾಗದು.

ರಾತ್ರಿ ಮಲಗಿದಾಗ ಪಾದ ನೋಯುತ್ತ, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುತ್ತಿದ್ದರೆ ತಡಮಾಡಬಾರದು. ಕಾಲು ಹಠಾತ್ತನೆ ನೋಯತೊಡಗಿ, ಬಿಳಿಚಿ, ತಣ್ಣಗಾಗಿ, ಜೋಮು ಹಿಡಿದರೆ ನಾಳ ಪೂರ್ತಿ ಮುಚ್ಚಿರಬಹುದು. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯದಿದ್ದರೆ ಕಾಲು ಉಳಿಯುವುದು ಕಷ್ಟ. ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ಬೇಡ. 108ಕ್ಕೆ ಕರೆ ಮಾಡಿ, ಬೆಳಗಾವಿ, ವಿಜಯಪುರ ಅಥವಾ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತನಾಳದ ಶಸ್ತ್ರಚಿಕಿತ್ಸಕರು ಎಲ್ಲಿ ಸಿಗುತ್ತಾರೆಂದು ದಾರಿಯಲ್ಲೇ ಫೋನಿನಲ್ಲಿ ಕೇಳಿಕೊಂಡು ನೇರವಾಗಿ ಅಲ್ಲಿಗೇ ಹೋಗಬೇಕು.